ವಿಷಯ: ಎಐ ಏಜೆಂಟಿಗೆ ಕೊಡುವ ‘ಮ್ಯಾಂಡೇಟ್’ – ‘ಮುಕ್ತ್ಯಾರು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ವಾಚನಾಲಯಕ್ಕಾಗಿ ಆನ್‌ಲೈನ್ ಪಾವತಿಯ ಬಗ್ಗೆ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ಯುಪಿಐ, ಪಿನ್, ಒಟಿಪಿ ಎಲ್ಲರ ಬಾಯಲ್ಲೂ ಇವೆ, ಅವನ್ನು ಮುಟ್ಟುವುದಿಲ್ಲ. ತೊಡಕಾಗಿರುವುದು ಎಐ ಏಜೆಂಟೇ ಸಾಮಾನು ಆರಿಸಿ ದುಡ್ಡೂ ಕಟ್ಟುವ ಹೊಸ ಏರ್ಪಾಡನ್ನು ವಿವರಿಸುವಲ್ಲಿ.

ಮೊದಲು ‘ಏಜೆಂಟ್’. ನಮ್ಮಲ್ಲಿ ವಿಮೆ ಏಜೆಂಟ್, ಪಿಗ್ಮಿ ಏಜೆಂಟ್ ಅಂದರೆ ಕಂಪೆನಿಯ, ಬ್ಯಾಂಕಿನ ಕಡೆಯವರು. ಇಲ್ಲಿ ಅದು ಕೊಳ್ಳುವವರ ಕಡೆಯದು. 1872ರ ಕರಾರು ಕಾಯ್ದೆಯ 182ನೇ ಕಲಮು ಏಜೆಂಟನನ್ನು ಇನ್ನೊಬ್ಬರ ಪರವಾಗಿ ವ್ಯವಹರಿಸುವವನು ಎನ್ನುತ್ತದೆ. ಯಾರ ಪರ ಎಂಬುದೇ ಓದುಗರಿಗೆ ತಿಳಿಯಬೇಕಾದದ್ದು. ‘ಕಾರ್ಯಸ್ಥ’ ಹಾಕಿ ನೋಡಿದೆ. ಅರ್ಥ ಕೂಡಿಬರುತ್ತದೆ, ಕ್ರಿಯಾಪದ ಒಗ್ಗುವುದಿಲ್ಲ: ‘ಕಾರ್ಯಸ್ಥ ಅಕ್ಕಿ ತರಿಸಿತು’ ಎಂದು ಯಾರೂ ಹೇಳುವುದಿಲ್ಲ, ‘ತರಿಸಿದ’ ಎಂದರೆ ಯಂತ್ರ ಮನುಷ್ಯನಾಗಿಬಿಡುತ್ತದೆ. ‘ದಲ್ಲಾಳಿ’ ಬೇಡವೇ ಬೇಡ, ಅಡಿಕೆ ದಲ್ಲಾಳಿಗೆ ಎರಡೂ ಕಡೆಯ ಹಂಗು. ಸದ್ಯಕ್ಕೆ ‘ಕೊಳ್ಳುವವರ ಏಜೆಂಟ್’ ಎಂದು ಬರೆದು, ನಪುಂಸಕಲಿಂಗವನ್ನೇ ಇಟ್ಟುಕೊಂಡಿದ್ದೇನೆ.

ನಿಜವಾದ ಪ್ರಶ್ನೆ ‘ಮ್ಯಾಂಡೇಟ್’ ಕುರಿತು, ಅಂದರೆ ಏನು ಕೊಳ್ಳಬಹುದು, ಎಷ್ಟು ಕಟ್ಟಬಹುದು ಎಂದು ನಾವು ಏಜೆಂಟಿಗೆ ಸಹಿ ಹಾಕಿ ಕೊಡುವ ಒಪ್ಪಿಗೆ. 2025ರ ಸೆಪ್ಟೆಂಬರಿನಲ್ಲಿ ಗೂಗಲ್ ಪ್ರಕಟಿಸಿದ ಏಜೆಂಟ್ ಪೇಮೆಂಟ್ಸ್ ಪ್ರೋಟೋಕಾಲ್‌ನಲ್ಲಿ (ಎಐ ಏಜೆಂಟುಗಳು ದುಡ್ಡು ಕಟ್ಟುವ ರೀತಿಯ ನಿಯಮಾವಳಿ) ಈ ಪದವೇ ತೊಲೆಕಂಬ. ಇದೇ ಸಾಮಾನು, ಇಷ್ಟೇ ಬೆಲೆ ಎಂದು ನಾವೇ ನೋಡಿ ಡಿಜಿಟಲ್ ಸಹಿ ಹಾಕಿದರೆ ಅದು ಕಾರ್ಟ್ ಮ್ಯಾಂಡೇಟ್. ನಾವು ಎದುರಿಗೆ ಇಲ್ಲದಿರುವಾಗ ‘ಇಂಥದ್ದು ಇಷ್ಟು ರೂಪಾಯಿಯೊಳಗೆ ಸಿಕ್ಕರೆ ಕೊಂಡುಬಿಡು’ ಎಂದು ಮುಂಚೆಯೇ ಸಹಿ ಹಾಕಿಟ್ಟರೆ ಇಂಟೆಂಟ್ ಮ್ಯಾಂಡೇಟ್. ಕಂತು ತಾನಾಗಿಯೇ ಕಟ್ಟಿಹೋಗುವ ಬ್ಯಾಂಕಿನ ಆಟೋಪೇಯಲ್ಲೂ ಈ ಪದವಿದೆ. ಅಲ್ಲಿ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ.

ಇದನ್ನು ‘ಆದೇಶ’ ಎಂದರೆ ಮಾಡಲೇಬೇಕು ಎಂದಾಗುತ್ತದೆ. ‘ಜನಾದೇಶ’ ಚುನಾವಣೆಯ ಮಾತು. ‘ಅನುಮತಿ’ಯನ್ನು ಕ್ಯಾಮೆರಾ, ಲೊಕೇಶನ್‌ಗಳಿಗಾಗಿ ಫೋನುಗಳು ಆಗಲೇ ಸವೆಸಿಬಿಟ್ಟಿವೆ, ಓದದೆ ಒತ್ತುವ ಗುಂಡಿ ಅದು. ದುಡ್ಡಿನ ವಿಷಯದಲ್ಲಿ ಆ ಅಭ್ಯಾಸ ಬರಬಾರದು.

ನನಗೆ ಹೊಳೆದದ್ದು ‘ಮುಕ್ತ್ಯಾರು’, ಅಂದರೆ ಪವರ್ ಆಫ್ ಅಟಾರ್ನಿ. ಗಲ್ಫಿನಲ್ಲಿರುವ ಅಣ್ಣ ಊರಿನ ಜಾಗ ಮಾರಲು ತಮ್ಮನಿಗೆ ಬರೆದುಕಳಿಸುವುದು ಇದನ್ನೇ. ಮಲಯಾಳದಲ್ಲೂ ಇದೇ ಹೆಸರು, ಹಾಗಾಗಿ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಸರ್ವೆ ನಂಬರು ಇರುತ್ತದೆ, ಮಾರಬಹುದೋ ಗೇಣಿಗೆ ಮಾತ್ರ ಕೊಡಬಹುದೋ ಬರೆದಿರುತ್ತದೆ. ಬೇಡವಾದರೆ ರದ್ದು ಮಾಡಬಹುದು. ಬರೆದಷ್ಟರೊಳಗೆ ತಮ್ಮ ಮಾಡಿದ್ದಕ್ಕೆ ಅಣ್ಣನೇ ಬದ್ಧ. ಮ್ಯಾಂಡೇಟಿನ ಗುಣಗಳೂ ಹೆಚ್ಚುಕಡಿಮೆ ಇವೇ. ಒಂದೇ ವ್ಯವಹಾರಕ್ಕೆ ಕೊಡುವ ಸ್ಪೆಷಲ್ ಮುಕ್ತ್ಯಾರನ್ನು ಕಾರ್ಟ್ ಮ್ಯಾಂಡೇಟಿಗೆ ಹೊಂದಿಸಬಹುದು. ಇಂಟೆಂಟ್ ಮ್ಯಾಂಡೇಟನ್ನು, ಹಲವು ವ್ಯವಹಾರಗಳಿಗೆ ಒಟ್ಟಾಗಿ ಕೊಡುವ ಜನರಲ್ ಮುಕ್ತ್ಯಾರು ಎನ್ನಲು ಮಾತ್ರ ನಾನು ಒಪ್ಪೆ. ಅದಕ್ಕೂ ಬೆಲೆಯ, ವಸ್ತುವಿನ ಕಟ್ಟುಪಾಡು ಇದೆ. ಜನರಲ್ ಎಂದರೆ ಖಾತೆಯನ್ನೇ ಬಿಟ್ಟುಕೊಟ್ಟಂತೆ ಕೇಳುತ್ತದೆ. ಅದಕ್ಕೆ ‘ಮಿತಿ ಮುಕ್ತ್ಯಾರು’ ಆದೀತೇ?

ಇನ್ನೊಂದು ಅಳುಕು: ಮೂಲ ಅರಬಿಯ ‘ಮುಖ್ತಾರ್’ ಆದರೂ, ಎಳೆಯರು ಇದರಲ್ಲಿ ‘ಮುಕ್ತ’ವನ್ನು ಕೇಳಿ, ಏಜೆಂಟಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಂತೆ ತಿಳಿದಾರು.

ಮರಾಠಿಯಲ್ಲಿ ಇದಕ್ಕೆ ‘ಕುಲಮುಖತ್ಯಾರಪತ್ರ’ ಇದೆಯಲ್ಲ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತಿನ ಕಡೆಯವರು ಕನ್ನಡದಲ್ಲಿ ಮಾತಾಡುವಾಗ ಏನನ್ನುತ್ತೀರಿ? ಆಂಧ್ರದ ಆದೋನಿ, ತಮಿಳುನಾಡಿನ ಹೊಸೂರಿನವರ ಬಳಕೆಯೂ ಬೇಕು. ಜಾಗದ ಪತ್ರ ಬಿಟ್ಟು, ಬ್ಯಾಂಕಿನ ದುಡ್ಡಿಗೂ ಈ ಪದ ಹೇಳಿದ್ದನ್ನು ಕೇಳಿದ್ದರೆ ಆ ವಾಕ್ಯವನ್ನೇ ಬರೆದು ತಿಳಿಸಿ.