ಕಾರವಾರದ ಫ್ಲ್ಯಾಟು, ಸ್ಯಾನ್ ಹೋಸೆಯ ಮನೆ

ನಮ್ಮ ಮೇಲಿನಮನೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ದಿನಾ ಮಾತಾಡುವವರು ಏಳೆಂಟು ಮಂದಿ. ಉಳಿದವರು ಹುಟ್ಟುಹಬ್ಬಕ್ಕೆ ಕೇಕು, ಸಾವಿಗೆ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುವವರು. ಕಳೆದ ಭಾನುವಾರ ಬೆಳಿಗ್ಗೆ ಮಾತ್ರ ಫೋನು ಒಂದು ನಿಮಿಷ ಬಾಯಿ ಮುಚ್ಚಲಿಲ್ಲ. ನಾನು ತೆಳ್ಳೇವು ದೋಸೆ ಎರೆಯುತ್ತಿದ್ದೆ. ಎರಡು ಹೊತ್ತಿಯೇ ಹೋದವು.

ಯಾರ ಹೆಸರನ್ನೂ ಹಾಕುವುದಿಲ್ಲ. ನನ್ನ ಫೋನಿನಲ್ಲಿ ಅವರೆಲ್ಲ ಹೇಗೆ ಸೇವ್ ಆಗಿದ್ದಾರೋ ಹಾಗೇ ಬರೆಯುತ್ತೇನೆ. ನಾನು ಇರುವುದು ಕುಮಟೆಯಲ್ಲಿ. ಒಂದು ಸೊಸೈಟಿಯಲ್ಲಿ ಸಾಲದ ಟೇಬಲ್ಲಿಗೆ ಕೂತು 19 ವರ್ಷವಾಯಿತು. ಹಾಗಾಗಿ ಮನೆಯ ಮಾತು ಬಂದರೆ ಬಾಯಿಗಿಂತ ಮೊದಲು ಕ್ಯಾಲ್ಕುಲೇಟರ್ ತೆರೆಯುವ ಚಟ.

ಶುರು ಮಾಡಿದ್ದು ಬೆಂಗಳೂರು ತಮ್ಮ. 8:05ಕ್ಕೆ ಒಂದು ಚಿತ್ರ ಹಾಕಿದ. ಅಮೆರಿಕದ ನಕ್ಷೆ. ಎರಡೂ ಕಡೆಯ ಕರಾವಳಿ ಕೆಂಪು, ನಡುವಿನ ನಾಡು ಹಸಿರು. ಕೆಂಪು ಅಂದರೆ ಮನೆ ದುಬಾರಿ, ಹಸಿರು ಅಂದರೆ ಅಗ್ಗ. 2024ರ ಏಪ್ರಿಲ್‌ನಿಂದ ಜೂನ್ ನಡುವೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆಯ ನಡುಬೆಲೆ 20 ಲಕ್ಷ ಡಾಲರ್ ದಾಟಿತಂತೆ. ಇಡೀ ಅಮೆರಿಕದ್ದು ಸುಮಾರು 4 ಲಕ್ಷ 20 ಸಾವಿರ. ನಡುಬೆಲೆ ಅಂದರೆ, ಮಾರಾಟವಾದ ಮನೆಗಳನ್ನೆಲ್ಲ ಬೆಲೆ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಬೆಲೆ. ಚಿತ್ರದ ಕೆಳಗೆ ಅವನದೇ ಒಂದು ಸಾಲು ಇತ್ತು: "ಲೋಕದಲ್ಲೆಲ್ಲ ಸಮುದ್ರದ ಬದಿ ದುಬಾರಿ. ನಮ್ಮ ಕಾರವಾರ ಮಾತ್ರ ಇನ್ನೂ ಅಗ್ಗ. ಈಗ ತಗೊಂಡವನೇ ಜಾಣ."

ಶಿರಸಿ ಭಾವ: ಬೆಂಗಳೂರಿಗೆ ಯಾವ ಸಮುದ್ರ ಇದೆ ಅಪ್ಪಿ?

ಬೆಂಗಳೂರು ತಮ್ಮ: ಭಾವ, ಅದು ಬೇರೆ.

ಶಿರಸಿ ಭಾವ: ಏನು ಬೇರೆ? ಸಮುದ್ರದಿಂದ ಬೆಲೆ ಬರುವುದಾದರೆ ಬೇಲೆಕೇರಿಯಲ್ಲಿ ಗುಂಟೆಗೆ ಕೋಟಿ ಆಗಬೇಕಿತ್ತು. ಬೆಲೆ ಬರುವುದು ಸಂಬಳದಿಂದ ಮಾರಾಯಾ. ಮೀನಿನಿಂದಲ್ಲ.

ಭಾವ ಅಡಿಕೆ ತೋಟದವರು. ಸಂಬಳ ಅನ್ನುವ ಪದವನ್ನು ಅವರು ಹೇಳುವಾಗ ಅದರಲ್ಲಿ ಸ್ವಲ್ಪ ಕಹಿ ಇದ್ದೇ ಇರುತ್ತದೆ.

ಸ್ಯಾನ್ ಹೋಸೆ ಅಣ್ಣ: ಭಾವ ಹೇಳಿದ್ದು ಅರ್ಧ ಸರಿ. ನಾನು ಸಮುದ್ರ ನೋಡಿ ಮೂರು ತಿಂಗಳಾಯ್ತು. ಇಲ್ಲಿಂದ ಬೀಚಿಗೆ ಹೋಗಬೇಕಾದರೆ ಗುಡ್ಡ ದಾಟಿ ಸಾಂತಾ ಕ್ರೂಜ್‌ಗೆ ಇಳಿಯಬೇಕು. ಥೇಟ್ ದೇವಿಮನೆ ಘಟ್ಟ ಇಳಿದ ಹಾಗೆ. ಜನ ಇಷ್ಟು ದುಡ್ಡು ಸುರಿಯುವುದು ಇಲ್ಲಿನ ಕಂಪನಿಗಳನ್ನು ನೋಡಿ. ಇನ್ನರ್ಧ ಏನಂದರೆ, ಹೊಸ ಮನೆ ಕಟ್ಟಲು ಬಿಡುವುದಿಲ್ಲ. ವಸತಿ ಜಾಗದ ಬಹುಪಾಲಿನಲ್ಲಿ ಒಂದು ಸೈಟಿಗೆ ಒಂದೇ ಮನೆ ಅಂತ ದಶಕಗಟ್ಟಲೆ ನಿಯಮ ಇತ್ತು. ಇದ್ದವರು ಮಾರುವುದೂ ಇಲ್ಲ.

ಬೆಂಗಳೂರು ತಮ್ಮ: ಯಾಕೆ ಮಾರುವುದಿಲ್ಲ? ಅಷ್ಟು ಬೆಲೆ ಬಂದರೆ ನಾನು ನಾಳೆಯೇ ಮಾರುತ್ತೇನೆ.

ಸ್ಯಾನ್ ಹೋಸೆ ಅಣ್ಣ: ತೆರಿಗೆ. 1978ರಲ್ಲಿ ಪ್ರಾಪೊಸಿಷನ್ 13 ಅಂತ ಜನರೇ ವೋಟು ಹಾಕಿ ತಂದರು. ಮನೆ ತೆರಿಗೆ ಶೇ 1ರ ಆಸುಪಾಸು, ಅದೂ ನೀನು ಕೊಂಡಾಗಿನ ಬೆಲೆಯ ಮೇಲೆ. ಆ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ನಮ್ಮ ಪಕ್ಕದ ಮನೆ ಅಜ್ಜಿ 1981ರಲ್ಲಿ ತಗೊಂಡವಳು. ನಾನು ಕಟ್ಟುವುದರ ಹತ್ತರಲ್ಲೊಂದು ಪಾಲು ಕಟ್ಟುತ್ತಾಳೆ. ಅಷ್ಟು ಕಡಿಮೆ ತೆರಿಗೆಯ ಮನೆ ಬಿಟ್ಟು ಹೋಗಲು ಯಾರಿಗೆ ಮನಸ್ಸು ಬರುತ್ತದೆ?

ಕಾರವಾರ ಮಾವ: ನಮ್ಮಲ್ಲಿ ಅಜ್ಜಿಯಂದಿರು ಮಾರಲು ತಯಾರಿದ್ದಾರೆ. ಉತಾರ ಅನ್ನುವ ಹಕ್ಕಿನ ಕಾಗದ ಬಿಡುವುದಿಲ್ಲ. ನಮ್ಮ ಹಳೇ ಮನೆಗೆ 14 ಹೆಸರು. ಸಹಿ ಮಾಡಿಸಲು ಹೊರಟರೆ ಇಬ್ಬರು ಮುಂಬೈಯಲ್ಲಿ, ಒಬ್ಬಳು ಮಸ್ಕತ್ತಿನಲ್ಲಿ, ಇನ್ನೊಬ್ಬ ಎಲ್ಲಿದ್ದಾನೋ ಅವನ ಹೆಂಡತಿಗೂ ಗೊತ್ತಿಲ್ಲ.

ಮಾವ ನೋಂದಣಿ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಒಂದು ಮೆಸೇಜು ಬರೆಯಲು ಹತ್ತು ನಿಮಿಷ ತಗೊಳ್ಳುತ್ತಾರೆ. ಬಂದದ್ದು ಮಾತ್ರ ದಸ್ತಾವೇಜಿನ ಹಾಗೆ ಪೂರ್ತಿ ಇರುತ್ತದೆ. ಮುಂದಿನದನ್ನು ನಾನು ಎರಡು ಸಲ ಓದಿದೆ.

ಕಾರವಾರ ಮಾವ: ಕಾರವಾರದಲ್ಲಿ ಜಾಗ ಎಲ್ಲಿದೆ ಹೇಳಿ ನೋಡೋಣ. ಪಶ್ಚಿಮಕ್ಕೆ ಸಮುದ್ರ. ಉತ್ತರಕ್ಕೆ ಕಾಳಿ ನದಿ. ಪೂರ್ವಕ್ಕೆ ಗುಡ್ಡ, ಅದರ ಮೇಲೆ ಅರಣ್ಯ ಇಲಾಖೆ. ದಕ್ಷಿಣಕ್ಕೆ ಬಿಣಗಾ, ಆರ್ಗಾ ದಾಟಿದರೆ ಸೀಬರ್ಡ್ ನೌಕಾನೆಲೆ, ಸುಮಾರು 11 ಸಾವಿರ ಎಕರೆ. ಉಳಿದ ಪಟ್ಟಿಯಲ್ಲೂ ಭರತದ ಗೆರೆಯಿಂದ 500 ಮೀಟರ್ ಒಳಗೆ ಸಿಆರ್‌ಝೆಡ್, ಅಂದರೆ ಕಟ್ಟಡಕ್ಕೆ ಕಡಿವಾಣ ಹಾಕುವ ಕರಾವಳಿ ನಿಯಮ. ಜಾಗ ಇಲ್ಲ ಅನ್ನುವುದರಲ್ಲಿ ನಾವು ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಏನೂ ಕಡಿಮೆ ಇಲ್ಲ. ಕಡಿಮೆ ಇರುವುದು ಕೆಲಸ. ದೊಡ್ಡ ಸಂಬಳ ಅಂದರೆ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ. ನೌಕಾನೆಲೆಯವರಿಗೆ ಅವರದೇ ಕ್ವಾರ್ಟರ್ಸ್. ಕೈಗಾದವರಿಗೆ ಮಲ್ಲಾಪುರದಲ್ಲಿ ಟೌನ್‌ಶಿಪ್. ಊರಿನ ಮನೆಗೆ ಬಾಡಿಗೆಗೆ ಬರುವವರು ಯಾರು? ಮೇಷ್ಟ್ರು, ಕ್ಲಾರ್ಕು, ಮೆಡಿಕಲ್ ಕಾಲೇಜಿನ ಹುಡುಗರು.

ಈ ಕ್ವಾರ್ಟರ್ಸ್ ಮಾತು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಸಂಬಳ ಇರುವವನು ಬೇಲಿಯೊಳಗೆ, ಬಾಡಿಗೆ ಮನೆ ಬೇಲಿಯಾಚೆ.

ಅಷ್ಟರಲ್ಲಿ ಓಹಾಯೋ ಅಕ್ಕ ಬಂದಳು. ಅವಳಿಗೆ ಆಗ ರಾತ್ರಿ ಹನ್ನೊಂದು.

ಓಹಾಯೋ ಅಕ್ಕ: ನಾನು ಆ ಹಸಿರು ಬಣ್ಣದಲ್ಲಿ ಇರುವವಳು. ಕೊಲಂಬಸ್‌ನಲ್ಲಿ ನಮ್ಮ ಬೀದಿಯ ಮನೆ 3 ಲಕ್ಷ 20 ಸಾವಿರ ಡಾಲರಿಗೆ ಹೋಯಿತು. ನಾಲ್ಕು ರೂಮು, ನೆಲಮಾಳಿಗೆ, ಹಿಂದೆ ಹಿತ್ತಿಲು. ಅಣ್ಣನ ಒಂದು ಮನೆಗೆ ನಮ್ಮಲ್ಲಿ ಆರು ಬರುತ್ತವೆ.

ಸ್ಯಾನ್ ಹೋಸೆ ಅಣ್ಣ: ಆರು ತಗೊಂಡು ಹಿಮ ಗೋರುತ್ತಾ ಕೂರು.

ಓಹಾಯೋ ಅಕ್ಕ: ಗೋರುತ್ತೇನೆ. ಸಾಲ ಇಲ್ಲದೆ ಗೋರುತ್ತೇನೆ. ಆದರೆ ಒಂದು ಮಾತು ನಿಜ. ಇವರ ಕೆಲಸ ಹೋದಾಗ ಇನ್ನೊಂದು ಸಿಗಲು ಏಳು ತಿಂಗಳು ಹಿಡಿಯಿತು. ನಿನ್ನ ಊರಲ್ಲಾದರೆ ರಸ್ತೆ ದಾಟಿದರೆ ಸಾಕಿತ್ತು.

ಸ್ಯಾನ್ ಹೋಸೆ ಅಣ್ಣ: ಈಗ ಹಾಗೂ ಇಲ್ಲ ತಂಗಿ.

ಈ ಸಾಲಿನ ಮೇಲೆ ಯಾರೂ ಏನೂ ಬರೆಯಲಿಲ್ಲ. ಅವನೂ ಮುಂದುವರಿಸಲಿಲ್ಲ.

ನಾನು ಗ್ಯಾಸ್ ಆರಿಸಿ ಕೂತೆ. ಸೊಸೈಟಿಯಲ್ಲಿ ನಾವು ಮಾಡುವ ಒಂದು ಒರಟು ಲೆಕ್ಕ ಇದೆ. ಮನೆಯ ಬೆಲೆಯನ್ನು ಅದರ ಒಂದು ವರ್ಷದ ಬಾಡಿಗೆಯಿಂದ ಭಾಗಿಸುವುದು. ಎಷ್ಟು ವರ್ಷದ ಬಾಡಿಗೆ ಸೇರಿದರೆ ಆ ಮನೆಯ ಬೆಲೆ ಆಗುತ್ತದೆ ಅಂತ ನೋಡುವುದು, ಅಷ್ಟೇ. ರಿಪೇರಿ, ತೆರಿಗೆ ಯಾವುದನ್ನೂ ಹಿಡಿಯದ ಲೆಕ್ಕ. ಒಬ್ಬೊಬ್ಬರಿಂದ ಅವರವರ ಬೀದಿಯ ಬಾಡಿಗೆ ಕೇಳಿ ಹಾಕಿದೆ.

ನಾನು: ಅಕ್ಕನ ಬೀದಿ, 3 ಲಕ್ಷ 20 ಸಾವಿರ, ತಿಂಗಳಿಗೆ 2,200 ಡಾಲರ್ ಬಾಡಿಗೆ. 12 ವರ್ಷ. ಅಣ್ಣನ ಬೀದಿ, 20 ಲಕ್ಷ, ಬಾಡಿಗೆ 5,500. 30 ವರ್ಷ. ತಮ್ಮ ಇರುವ ಬೆಂಗಳೂರಿನ ಮನೆ, 95 ಲಕ್ಷ ರೂಪಾಯಿ, ಬಾಡಿಗೆ 26 ಸಾವಿರ. ಅದೂ 30. ಕಾರವಾರದಲ್ಲಿ ಮಾವನ ಓಣಿಯ ಫ್ಲ್ಯಾಟು, 48 ಲಕ್ಷ, ಬಾಡಿಗೆ 11 ಸಾವಿರ. 36 ವರ್ಷ. ಶಿರಸಿಯಲ್ಲಿ ಭಾವನ ತಮ್ಮ ಕಟ್ಟಿಸಿದ ಮನೆ, ಜಾಗ ಸೇರಿ 60 ಲಕ್ಷ, ಬಾಡಿಗೆ 10 ಸಾವಿರ. 50 ವರ್ಷ.

ಓಹಾಯೋ ಅಕ್ಕ: ಅಯ್ಯೋ, ಶಿರಸಿ ಸ್ಯಾನ್ ಹೋಸೆಗಿಂತ ದುಬಾರಿ!

ಶಿರಸಿ ಭಾವ: ಇದೆಂಥ ಲೆಕ್ಕ. ಶಿರಸಿಯಲ್ಲಿ ಬಾಡಿಗೆಗೆ ಕೊಡಲು ಯಾರು ಮನೆ ಕಟ್ಟುತ್ತಾರೆ? ಇರಲು ಕಟ್ಟುತ್ತಾರೆ. ಮಗಳ ಮದುವೆಗೆ ಅಂಗಳ ಬೇಕು, ಅಡಿಕೆ ಹರಗಲು ಜಾಗ ಬೇಕು. ಅದಕ್ಕೆ ಬಾಡಿಗೆ ಹಿಡಿದು ಭಾಗಿಸಿದರೆ ಏನು ಬರುತ್ತದೆ, ಮಣ್ಣು.

ನಾನು: ಇರುವವರಿಗೆ ಈ ಲೆಕ್ಕ ಬೇಡ ಭಾವ. ಅಗ್ಗ ಅಂತ ದೂರದಲ್ಲಿ ಕೂತು ಕೊಳ್ಳುವವರಿಗೆ.

ಶಿರಸಿ ಭಾವ: ಹಾಗಾದರೆ ಕೇಳು. ಅವರಿಂದಲೇ ನಮಗೆ ಈ ಗತಿ. 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿದ ಮೇಲೆ ಕೃಷಿಕರಲ್ಲದವರೂ ತೋಟ ಕೊಳ್ಳಬಹುದು ಅಂತಾಯಿತು. ಶನಿವಾರ ಬಂದು ಭಾನುವಾರ ಹೋಗುವವರು ಎಕರೆಗೆ ಬಾಯಿಗೆ ಬಂದ ರೇಟು ಹೇಳುತ್ತಾರೆ. ನನ್ನ ಬದಿಯ ತೋಟ ಹೋಯಿತು. ಅಡಿಕೆ ಕೊನೆ ಕೊಯ್ಯುವವರಿಲ್ಲ. ಒಂದು ಗೇಟು, ಒಂದು ನಾಯಿ, ಒಂದು ಸಿಸಿ ಕ್ಯಾಮೆರಾ.

ಬೆಂಗಳೂರು ತಮ್ಮ: ಮಾರಿದವರೂ ಊರಿನವರೇ ಅಲ್ವಾ ಭಾವ?

ಶಿರಸಿ ಭಾವ: ಹೌದು. ಅದೇ ಬೇಜಾರು.

ಇಲ್ಲಿಗೆ ಚರ್ಚೆ ಮುಗಿಯಬಹುದಿತ್ತು. ತಮ್ಮ ಬಿಡಲಿಲ್ಲ. ಇವತ್ತಿನ ಬಾಡಿಗೆ ಹಿಡಿದು ಏನು ಲೆಕ್ಕ, ಮುಂದೆ ಏರುವುದನ್ನು ನೋಡಬೇಕು ಅಂದ. ಕೈಗಾದಲ್ಲಿ 5 ಮತ್ತು 6ನೇ ಘಟಕ, ತಲಾ 700 ಮೆಗಾವಾಟ್. ಸೀಬರ್ಡ್ ಎರಡನೇ ಹಂತ. ಮಾಜಾಳಿ ಗಡಿ ದಾಟಿದರೆ ಗೋವಾ. ಅಲ್ಲಿ ದಿಲ್ಲಿ ಮುಂಬೈಯವರು ಬೆಲೆ ಮೇಲಕ್ಕೆ ಒಯ್ದಿದ್ದಾರೆ, ಇನ್ನು ಈ ಕಡೆಗೇ ಬರಬೇಕು. ಕರಪತ್ರ ಓದಿದ ಹಾಗಿತ್ತು. ನನಗೆ ಅಲ್ಲೇ ಸಣ್ಣ ಅನುಮಾನ ಬಂತು, ಆದರೆ ಹಿಡಿದು ಕೇಳಲಿಲ್ಲ.

ಕಾರವಾರ ಮಾವ: ಕೊಂಕಣ ರೈಲು ಬಂದಾಗಲೂ ಹೀಗೇ ಹೇಳಿದ್ದರು, 1998ರಲ್ಲಿ. ರೈಲು ಬಂತು. ನಮ್ಮ ಹುಡುಗರು ಹತ್ತಿ ಹೋದರು.

ಬೆಂಗಳೂರು ತಮ್ಮ: ಬೆಲೆ ಏರಲಿಲ್ಲವಾ ಮಾವ? ನಿಮ್ಮ ಮನೆಯ ಜಾಗ 1998ರಲ್ಲಿ ಗುಂಟೆಗೆ ಎಷ್ಟಿತ್ತು, ಈಗ ಎಷ್ಟು?

ಮಾವ ಇದಕ್ಕೆ ಉತ್ತರ ಕೊಡಲಿಲ್ಲ. ಏಟು ಸರಿಯಾಗಿಯೇ ಬಿದ್ದಿತ್ತು. ಬದಲಿಗೆ ನೋಂದಣಿ ಲೆಕ್ಕ ಕಳಿಸಿದರು: 48 ಲಕ್ಷದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು 2. ಎಲ್ಲ ಸೇರಿ ಶೇ 7.6, ಅಂದರೆ 3 ಲಕ್ಷ 65 ಸಾವಿರದ ಹತ್ತಿರ.

ಬೆಂಗಳೂರು ತಮ್ಮ: ಅದೂ ಸಾಲದಲ್ಲಿ ಸೇರುತ್ತದಾ?

ನಾನು: ಸಾಮಾನ್ಯವಾಗಿ ಇಲ್ಲ. ಕೈಯಿಂದ ಹಾಕಬೇಕು. 38 ಲಕ್ಷ ಸಾಲ ಅಂತ ಹಿಡಿ, ಬಡ್ಡಿ ಎಂಟೂವರೆ, 20 ವರ್ಷ. ಕಂತು 33 ಸಾವಿರ. ಬಾಡಿಗೆ ಬರುವುದು 11. ತಿಂಗಳಿಗೆ 22 ಸಾವಿರ ಕೈಯಿಂದ ಕೊಟ್ಟು ಯಾವನೋ ಬಾಡಿಗೆದಾರನನ್ನು ಸಾಕಿದ ಹಾಗೆ.

ಬೆಂಗಳೂರು ತಮ್ಮ: ನಿವೃತ್ತಿ ಆದಮೇಲೆ ನಾನೇ ಬಂದು ಇರಬಹುದಲ್ಲ.

ಇಷ್ಟು ಹೊತ್ತು ಓದುತ್ತಾ ಕೂತಿದ್ದ ಅತ್ತೆ ಆಗ ಬಾಯಿ ಬಿಟ್ಟರು. ಅತ್ತೆ ಟೈಪ್ ಮಾಡುವುದಿಲ್ಲ. ವಾಯ್ಸ್ ಮೆಸೇಜು. ಹಿಂದೆ ಮಿಕ್ಸರ್ ತಿರುಗುವ ಸದ್ದು. ಕೇಳಿ ಬರೆದಿದ್ದೇನೆ.

ಕಾರವಾರ ಅತ್ತೆ: ಅಪ್ಪಿ, ನಿವೃತ್ತಿಗೆ ಅಂದರೆ ಆಸ್ಪತ್ರೆ ನೋಡಬೇಕು ನೀನು. ನಿನ್ನ ಮಾವನಿಗೆ ಎದೆ ನೋವು ಬಂದಾಗ ಮಣಿಪಾಲಕ್ಕೆ ಗಾಡಿ ಮಾಡಿ ಒಯ್ದೆವು. ಗಾಡಿಯೊಳಗೆ ಕೂತು ನಾನು ಮೈಲುಗಲ್ಲು ಎಣಿಸಿದ್ದೇನೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತಲ್ಲ, ಆಗ ಅಂಥದ್ದು ಬಂದಿದ್ದರೆ ಏನು ಗತಿ? ಅದಿರಲಿ. ನೀನು ಹೇಳುತ್ತಿರುವುದು ನಮ್ಮ ಓಣಿಯ ಆ ನೀಲಿ ಬಿಲ್ಡಿಂಗೇ ಅಲ್ವಾ? ಅದರ ಪಡುವಣ ಗೋಡೆ ಮಳೆಗಾಲದಲ್ಲಿ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಗ್ರಿಲ್ಲಿಗೆ ಎರಡೇ ವರ್ಷಕ್ಕೆ ಉಪ್ಪುಗಾಳಿಯ ತುಕ್ಕು. ಮೇ ತಿಂಗಳಲ್ಲಿ ಟ್ಯಾಂಕರ್ ನೀರು. ಏಜೆಂಟು ನಿನಗೆ ಜನವರಿಯಲ್ಲಿ ತೋರಿಸಿರುತ್ತಾನೆ. ಜನವರಿಯಲ್ಲಿ ಎಲ್ಲ ಮನೆಯೂ ಚೆಂದ. ಜುಲೈಯಲ್ಲಿ ಬಾ. ಎಂಟು ದಿನ ನಮ್ಮಲ್ಲೇ ಇರು. ಪತ್ರೊಡೆ ಮಾಡುತ್ತೇನೆ. ಮಳೆ ಹೊಡೆಯುವಾಗ ಒಳಗೆ ನಿಂತು ನೋಡು. ಬಾಡಿಗೆಗೆ ಇರುವ ಮೇಷ್ಟ್ರು ನನಗೆ ಗುರ್ತು, ಬಾಗಿಲು ತೆಗೆಸುತ್ತೇನೆ.

ಹತ್ತು ನಿಮಿಷ ಗುಂಪಿನಲ್ಲಿ ಸದ್ದಿಲ್ಲ. ಚಿಕ್ಕಿಯೊಬ್ಬಳು ಗೊತ್ತಿಲ್ಲದೆ ಗುಲಾಬಿ ಹೂವಿನ ಶುಭೋದಯ ಹಾಕಿದಳು. ಆಮೇಲೆ:

ಬೆಂಗಳೂರು ತಮ್ಮ: ಅತ್ತೆ, ಅಡ್ವಾನ್ಸ್ ಕೊಟ್ಟಾಗಿದೆ.

ಶಿರಸಿ ಭಾವ: ಎಷ್ಟು?

ಬೆಂಗಳೂರು ತಮ್ಮ: ಎರಡು ಲಕ್ಷ.

ಓಹಾಯೋ ಅಕ್ಕ: ಅಯ್ಯೋ ತಮ್ಮಾ. ಮತ್ತೆ ಈ ಅಮೆರಿಕದ ನಕ್ಷೆ ಯಾಕೆ ಹಾಕಿದೆ?

ಬೆಂಗಳೂರು ತಮ್ಮ: ಯಾರಾದರೂ ಒಳ್ಳೇದಾಯ್ತು ಅನ್ನಬಹುದು ಅಂತ.

ಕಾರವಾರ ಮಾವ: ಕರಾರು ಪತ್ರ ಮಾಡಿಸಿದ್ದೀಯಾ? ರಸೀದಿ ಇದೆಯಾ? ಚೆಕ್ಕೋ ನಗದೋ?

ತಮ್ಮನ ಹೆಸರಿನ ಕೆಳಗೆ 'ಟೈಪ್ ಮಾಡುತ್ತಿದ್ದಾರೆ' ಅಂತ ಬಂತು. ನಾನು ಮತ್ತೆ ಕಾವಲಿ ಇಟ್ಟೆ. ನಾಲ್ಕು ತೆಳ್ಳೇವು ಎದ್ದು ತಟ್ಟೆಗೆ ಬಂದವು. ಅಷ್ಟು ಹೊತ್ತೂ ಹಾಗೇ ತೋರಿಸುತ್ತಿತ್ತು.