ಕೆಲವೇ ಮಾದರಿಯ ಬೇಸ್ ಗಿಟಾರ್‌ಗಳು ಪದೇ ಪದೇ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುವುದೇಕೆ?

ಪ್ರಶ್ನೆ: ಮಂದ್ರಾಸಕ್ತ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಸ್ನೇಹಿತರೊಬ್ಬರ ವಾದ್ಯವನ್ನು ಎರವಲು ಪಡೆದು ಬೇಸ್ (ಮಂದ್ರ ಸ್ವರಗಳ ಗಿಟಾರ್) ಕಲಿತಿದ್ದೇನೆ. ಈಗ ಸ್ವಂತದ್ದೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳೋಣವೆಂದು ಕೆಲವು ತಿಂಗಳಿಂದ ಮಾರಾಟದ ಜಾಹೀರಾತುಗಳನ್ನು ನೋಡುತ್ತಿದ್ದೇನೆ. ನೋಡುತ್ತ ಹೋದಂತೆ ಕೆಲವೇ ಮಾದರಿಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿವೆ: ಥಂಡರ್‌ಬರ್ಡ್ ಆಕಾರದವು, ಐದು ತಂತಿಯವು, ಮೂವತ್ತು ಇಂಚಿನ ಶಾರ್ಟ್ ಸ್ಕೇಲ್‌ನವು (ತಂತಿಯ ನುಡಿಯುವ ಉದ್ದ ಕಡಿಮೆ ಇರುವವು), ಜೊತೆಗೆ ಆರು ತಂತಿಯ ಬೇಸ್ ಸಿಕ್ಸ್. ಹೆಚ್ಚಿನವುಗಳ ಕೆಳಗೆ "ಬಹಳ ಬಳಸಿಲ್ಲ, ಹೊಸದರಂತಿದೆ" ಎಂಬ ಒಕ್ಕಣೆ ಇರುತ್ತದೆ. ಹೊರದೇಶಗಳ ಮಾರಾಟ ತಾಣಗಳಲ್ಲಿಯೂ ಇದೇ ಚಿತ್ರ ಕಂಡಿತು. ಕೊಂಡವರು ಇಷ್ಟು ಬೇಗ ಕೈಬಿಡುತ್ತಾರೆಂದರೆ ಈ ವಾದ್ಯಗಳಲ್ಲಿ ದೋಷವಿದೆ ಎಂದು ತಿಳಿಯಬೇಕೇ? ನನ್ನ ಮನಸ್ಸು ಥಂಡರ್‌ಬರ್ಡ್ ಮೇಲೆಯೇ ಇರುವುದರಿಂದ ಕೇಳುತ್ತಿದ್ದೇನೆ.

ಉತ್ತರ 1: ನಾಲ್ಕು ತಂತಿ

ಮೊದಲು ಒಂದು ಮಾತು. ಮಾರಾಟಕ್ಕೆ ಹೆಚ್ಚಾಗಿ ಬರುವುದು ಬೇರೆ, ಕೊಂಡವರಲ್ಲಿ ಹೆಚ್ಚಿನವರು ಮಾರುವುದು ಬೇರೆ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ 1951ರಿಂದಲೂ ಜಾಝ್ ಬೇಸ್ 1960ರಿಂದಲೂ ತಯಾರಾಗುತ್ತಿವೆ. ಅವುಗಳ ಅಗ್ಗದ ರೂಪಗಳನ್ನೂ ಇತರರು ಮಾಡುವ ಅದೇ ಆಕಾರದವನ್ನೂ ಸೇರಿಸಿದರೆ, ಅವು ಎಷ್ಟೇ ಸಂಖ್ಯೆಯಲ್ಲಿ ಮಾರಾಟಕ್ಕೆ ಬಂದರೂ ಅದರಿಂದ ಏನನ್ನೂ ಊಹಿಸಲಾಗದು. ಕಲಿಯಲು ಕೊಂಡ ಮೊದಲ ವಾದ್ಯವನ್ನು ಮಾರಿ ಉತ್ತಮವಾದದ್ದನ್ನು ಕೊಳ್ಳುವುದು ಸಹಜ. ನಿಮ್ಮನ್ನು ಕಾಡುತ್ತಿರುವುದು ಎರಡನೆಯ ಬಗೆ, ಎಂದರೆ ಆಸೆಪಟ್ಟು ಕೊಂಡದ್ದನ್ನು ಆರೇ ತಿಂಗಳಲ್ಲಿ ಬಿಟ್ಟುಕೊಡುವುದು. ಇದಕ್ಕೆ ಥಂಡರ್‌ಬರ್ಡ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಗಿಬ್ಸನ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಿ. ವಿನ್ಯಾಸ ಮಾಡಿದವರು ಮೋಟಾರು ಕಾರುಗಳ ವಿನ್ಯಾಸದಲ್ಲಿ ಹೆಸರಾಗಿದ್ದ ರೇ ಡೀಟ್ರಿಕ್, ಹಾಗಾಗಿಯೇ ಅದು ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತದೆ. ದಿ ಹೂ ತಂಡದ ಜಾನ್ ಎಂಟ್‌ವಿಸಲ್, ಮಾಟ್ಲಿ ಕ್ರೂ ತಂಡದ ನಿಕ್ಕಿ ಸಿಕ್ಸ್ ಅದನ್ನು ಹಿಡಿದು ವೇದಿಕೆಯ ಮೇಲೆ ನಿಂತದ್ದನ್ನು ನೋಡಿದವರಿಗೆ ಅದರ ಮೇಲೆ ಮೋಹ ಹುಟ್ಟದಿದ್ದರೆ ಆಶ್ಚರ್ಯ. ಆದರೆ ಆ ಆಕಾರವೇ ಒಂದು ತೊಂದರೆಯನ್ನು ತರುತ್ತದೆ. ಫೆಂಡರ್ ಬೇಸ್‌ಗಳಲ್ಲಿ ಮೇಲಿನ ಕೊಂಬು ಮುಂದಕ್ಕೆ ಚಾಚಿ ಸುಮಾರು ಹನ್ನೆರಡನೆಯ ಫ್ರೆಟ್‌ನವರೆಗೆ (ಸ್ವರಸ್ಥಾನದ ಲೋಹದ ಅಡ್ಡಪಟ್ಟಿಯವರೆಗೆ) ಬರುತ್ತದೆ ಮತ್ತು ಸ್ಟ್ರ್ಯಾಪಿನ ಗುಂಡಿ ಅದರ ತುದಿಯಲ್ಲಿರುತ್ತದೆ. ಥಂಡರ್‌ಬರ್ಡ್‌ನಲ್ಲಿ ಆ ಕೊಂಬು ಮೊಟಕು, ಗುಂಡಿಯು ಹಿಂಬದಿಯಲ್ಲಿ ನೆಕ್ (ತಂತಿಗಳು ಹಾಯುವ ಉದ್ದನೆಯ ಕತ್ತು) ಸೇರುವ ಜಾಗದ ಬಳಿ ಇರುತ್ತದೆ. ಹೀಗಾಗಿ ಮೂವತ್ತನಾಲ್ಕು ಇಂಚಿನ ತಂತಿಗೆ ತಕ್ಕ ಉದ್ದನೆಯ ನೆಕ್, ಅದರ ತುದಿಯ ದೊಡ್ಡ ಹೆಡ್‌ಸ್ಟಾಕ್, ನಾಲ್ಕು ಲೋಹದ ಬಿರಡೆಗಳು, ಇವಿಷ್ಟೂ ಆಸರೆಯಾಚೆ ತೂಗುತ್ತವೆ, ತಕ್ಕಡಿಯ ಒಂದು ತಟ್ಟೆಗೆ ಮಾತ್ರ ಕಲ್ಲು ಹಾಕಿದ ಹಾಗೆ. ಕೈಬಿಟ್ಟರೆ ತಲೆ ನೆಲದ ಕಡೆಗೆ ಬಾಗುತ್ತದೆ. ಎಡಗೈ ಸ್ವರ ಒತ್ತುವುದರ ಜೊತೆಗೆ ನೆಕ್ಕನ್ನು ಎತ್ತಿ ಹಿಡಿಯುವ ಕೆಲಸವನ್ನೂ ಮಾಡಬೇಕಾಗುತ್ತದೆ.

ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಹತ್ತು ನಿಮಿಷ ನುಡಿಸಿದವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತು ಎರಡು ಗಂಟೆ ರಿಹರ್ಸಲ್ ಮಾಡಿದ ದಿನ ಭುಜ ಹೇಳುತ್ತದೆ. "ಹೊಸದರಂತಿದೆ" ಎಂಬ ಒಕ್ಕಣೆಯ ಹಿಂದಿರುವುದು ಸಾಮಾನ್ಯವಾಗಿ ಇದೇ ಎಂದು ನನ್ನ ನಂಬಿಕೆ. ಇದನ್ನು ದೋಷವೆಂದು ಕರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಅದರ ಗಡುಸು ನಾದಕ್ಕಾಗಿ ಮೂವತ್ತು ವರ್ಷ ಅದನ್ನೇ ನುಡಿಸಿದವರೂ ಇದ್ದಾರೆ. ಒರಟು ಒಳಮೈಯ ಅಗಲವಾದ ಚರ್ಮದ ಸ್ಟ್ರ್ಯಾಪ್ ಹಾಕುವುದು, ಗುಂಡಿಯ ಜಾಗ ಬದಲಿಸುವುದು, ಹಗುರವಾದ ಬಿರಡೆಗಳನ್ನು ಕೂರಿಸುವುದು, ಇವುಗಳಿಂದ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ರಿಕನ್‌ಬ್ಯಾಕರ್ ಕಂಪನಿಯ 4001 ಮತ್ತು 4003 ಬೇಸ್‌ಗಳ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಹೆಸರಾಂತ ರಾಕ್ ಬೇಸ್ ವಾದಕರಾದ ಕ್ರಿಸ್ ಸ್ಕ್ವೈರ್, ಗೆಡ್ಡಿ ಲೀ, ಕ್ಲಿಫ್ ಬರ್ಟನ್ ನುಡಿಸಿದ್ದನ್ನು ಕೇಳಿ ಕೊಂಡವರಿಗೆ, ಹಿಂದಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಮೇಲಿನ ಲೋಹದ ಕವಚ ಬಲಗೈ ಬೆರಳುಗಳಿಗೆ ಅಡ್ಡ ಬರುತ್ತದೆ ಎಂಬುದು ಮನೆಗೆ ತಂದ ಮೇಲೆ ತಿಳಿಯುತ್ತದೆ. ಕವಚವನ್ನು ತೆಗೆಯಬಹುದು, ಆದರೆ 4001ರ ಒಡಲಿನ ಚೂಪಾದ ಅಂಚು ಮುಂಗೈಗೆ ಒತ್ತುವುದನ್ನು ತಪ್ಪಿಸಲಾಗದು. ಈ ವಾದ್ಯಗಳು ಕ್ಯಾಲಿಫೋರ್ನಿಯಾದ ಸಾಂಟಾ ಆನಾದ ಕಾರ್ಖಾನೆಯೊಂದರಲ್ಲಿಯೇ ತಯಾರಾಗುವುದರಿಂದ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. ಕೊಂಡು, ಒಂದು ವರ್ಷ ನುಡಿಸಿ, ಹೆಚ್ಚು ನಷ್ಟವಿಲ್ಲದೆ ಮಾರಲು ಸಾಧ್ಯವಿರುವ ವಾದ್ಯ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ನೀವು ಹತ್ತು ಜಾಹೀರಾತು ನೋಡಿದ್ದೀರೆಂದರೆ ಅಲ್ಲಿ ಹತ್ತು ವಾದ್ಯಗಳೇ ಇರಬೇಕೆಂದಿಲ್ಲ, ಒಂದೇ ವಾದ್ಯ ಮೂರು ಸಲ ಬಂದಿರಬಹುದು.

ಉತ್ತರ 2: ಗಿಟಾರಿನಿಂದ ಬಂದವ

ಶಾರ್ಟ್ ಸ್ಕೇಲ್ ಮತ್ತು ಬೇಸ್ ಸಿಕ್ಸ್ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ಎರಡನ್ನೂ ಕೊಂಡು ಎರಡನ್ನೂ ಮಾರಿದ್ದೇನೆ. ಇವುಗಳನ್ನು ಬಹುಪಾಲು ಕೊಳ್ಳುವವರು ನನ್ನಂಥ ಗಿಟಾರ್ ವಾದಕರು. ಮನೆಯಲ್ಲಿ ಹಾಡು ಧ್ವನಿಮುದ್ರಿಸುವಾಗ ಬೇಸ್ ಭಾಗವನ್ನೂ ನಾವೇ ನುಡಿಸಿದರಾಯಿತು, ಅದಕ್ಕೆ ಬೆರಳು ಹೆಚ್ಚು ಚಾಚಬೇಕಿಲ್ಲದ ವಾದ್ಯ ಸಾಕು ಎಂಬುದು ನಮ್ಮ ಎಣಿಕೆ. ಫೆಂಡರ್ ಬೇಸ್ ಸಿಕ್ಸ್ 1961ರಲ್ಲಿ ಬಂದದ್ದು. ಅದರ ಆರೂ ತಂತಿಗಳು ಗಿಟಾರಿನ ಶ್ರುತಿಯಲ್ಲಿಯೇ, ಒಂದು ಸ್ಥಾಯಿ ಕೆಳಗೆ ಇರುತ್ತವೆ. ಓದುವಾಗ ಇದು ಗಿಟಾರಿನವರಿಗೆ ಹೇಳಿ ಮಾಡಿಸಿದ ಹಾಗಿದೆ.

ಸಿಕ್ಕಿಬೀಳುವುದು ತಂತಿಯ ಬಿಗಿಯಲ್ಲಿ. ಒಂದೇ ದಪ್ಪದ ತಂತಿಯನ್ನು ಒಂದೇ ಸ್ವರಕ್ಕೆ ಶ್ರುತಿ ಮಾಡಿದರೆ ಅದರ ಬಿಗಿ ಉದ್ದದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಮೂವತ್ತನಾಲ್ಕು ಇಂಚಿನಿಂದ ಮೂವತ್ತಕ್ಕೆ ಇಳಿದರೆ ಬಿಗಿ ಸುಮಾರು ಶೇಕಡ 22ರಷ್ಟು ಕಡಿಮೆಯಾಗುತ್ತದೆ. ಬೇಸ್ ಸಿಕ್ಸ್‌ನಲ್ಲಿ ತಂತಿಗಳು ತೆಳುವೂ ಆಗಿರುವುದರಿಂದ ಕೆಳಗಿನ ಇ ತಂತಿ ಸಡಿಲವಾಗಿ ಅದುರುತ್ತದೆ. ತಂತಿಗಳ ನಡುವಿನ ಅಂತರ ಬೆರಳಿನಿಂದ ಮೀಟುವವರಿಗೆ ಸಾಲದು, ಪಿಕ್ (ಮೀಟುವ ಚಿಕ್ಕ ಬಿಲ್ಲೆ) ಹಿಡಿದರೆ ಗಿಟಾರಿನ ಹಾಗೆ ಕೇಳಿಸುತ್ತದೆ. ಕೊನೆಗೆ ನಾನು ಕಂಡುಕೊಂಡದ್ದು ಇಷ್ಟೆ: ಅದು ಬೇಸ್‌ಗೆ ಬದಲಿಯಲ್ಲ, ಬೇಸ್‌ನ ಜೊತೆಗೆ ನುಡಿಸಬೇಕಾದ ಮೂರನೆಯ ವಾದ್ಯ. ಅದಕ್ಕೆ ತಕ್ಕ ಸಂಗೀತ ನನ್ನಲ್ಲಿರಲಿಲ್ಲವಾದ್ದರಿಂದ ಮಾರಿದೆ. ದಪ್ಪ ತಂತಿ ಹಾಕಿ ನೋಡುವ ತಾಳ್ಮೆ ಆಗ ಇದ್ದಿದ್ದರೆ ಶಾರ್ಟ್ ಸ್ಕೇಲ್ ಅನ್ನಾದರೂ ಉಳಿಸಿಕೊಳ್ಳುತ್ತಿದ್ದೆ. ಚಿಕ್ಕ ಕೈಯವರಿಗೆ ಅದು ನಿಜವಾಗಿಯೂ ವರದಾನ.

ಉತ್ತರ 3: ಕರಾವಳಿ ಬೇಸ್, ಉಡುಪಿ

ಐದು ತಂತಿಯವುಗಳಿಗೆ ಇನ್ನೊಂದು ಕಾರಣವನ್ನು ಸೇರಿಸುತ್ತೇನೆ. ನಾಲ್ಕು ತಂತಿಯ ಬೇಸ್‌ನ ಇ ಸ್ವರ ಸುಮಾರು 41 ಹರ್ಟ್ಸ್, ಐದನೆಯದಾದ ಬಿ ತಂತಿಯದು ಸುಮಾರು 31 ಹರ್ಟ್ಸ್. ಮನೆಯಲ್ಲಿ ಅಭ್ಯಾಸಕ್ಕೆಂದು ಇಡುವ ಚಿಕ್ಕ ಆಂಪ್‌ಗೆ (ಧ್ವನಿವರ್ಧಕಕ್ಕೆ) ಆ ಆಳದ ಸ್ವರವನ್ನು ತುಂಬಾಗಿ ಹೊರಡಿಸುವ ಶಕ್ತಿ ಇರುವುದಿಲ್ಲ. ವಾದ್ಯವೇ ಮಂಕು ಎಂದು ತಿಳಿದು ಮಾರುತ್ತಾರೆ, ತಪ್ಪು ಸ್ಪೀಕರಿನದು.

ನಮ್ಮ ಕಡೆಯಲ್ಲಿ ಮಳೆಗಾಲ ಕಳೆದ ಮೇಲೆ ಜಾಹೀರಾತುಗಳು ಹೆಚ್ಚುವುದನ್ನೂ ಗಮನಿಸಿದ್ದೇನೆ. ಆಷಾಢದ ತೇವಕ್ಕೆ ಮರ ಹಿಗ್ಗಿ ನೆಕ್ಕಿನ ಬಾಗು ಬದಲಾಗುತ್ತದೆ. ಒಂದೋ ತಂತಿಗಳು ಫ್ರೆಟ್‌ಗೆ ತಾಗಿ ಜರಜರ ಎನ್ನುತ್ತವೆ, ಇಲ್ಲವೇ ಒತ್ತಲಾಗದಷ್ಟು ಎತ್ತರಕ್ಕೆ ಏಳುತ್ತವೆ. ನಾನು ಮೊದಲು ಕೊಂಡ ಬೇಸ್ ಅನ್ನು "ನೆಕ್ ಹೋಗಿದೆ" ಎಂದು ಭಾವಿಸಿ ಕಡಿಮೆ ಬೆಲೆಗೆ ಕೊಟ್ಟುಬಿಟ್ಟೆ. ಕೊಂಡವರು ನೆಕ್ಕಿನೊಳಗೆ ಬಾಗು ಸರಿಪಡಿಸಲು ಇರುವ ಲೋಹದ ಸರಳಾದ ಟ್ರಸ್ ರಾಡನ್ನು ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಸರಿಮಾಡಿಕೊಂಡರು. ಅವರು ಇಂದಿಗೂ ಅದನ್ನೇ ನುಡಿಸುತ್ತಾರೆ, ನೋಡಿದಾಗಲೆಲ್ಲ ಕರುಳು ಚುರುಕ್ಕೆನ್ನುತ್ತದೆ. ಬೆಲೆ ತೀರ ಕಡಿಮೆ ಇದ್ದರೆ ಹೆದರಬೇಡಿ. ಟ್ರಸ್ ರಾಡ್ ಎರಡೂ ಕಡೆಗೆ ಸರಾಗವಾಗಿ ತಿರುಗುತ್ತದೆಯೇ ಎಂದು ಮಾರುವವರ ಒಪ್ಪಿಗೆ ಪಡೆದು ನೋಡಿ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಮತ್ತೆ ಪ್ರಶ್ನೆ: ಮಂದ್ರಾಸಕ್ತ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಒಂದು ಥಂಡರ್‌ಬರ್ಡ್ ನೋಡಲು ಹೋಗುತ್ತಿದ್ದೇನೆ. ಸ್ವಂತ ಸ್ಟ್ರ್ಯಾಪ್ ತೆಗೆದುಕೊಂಡು ಹೋಗಿ ಅರ್ಧ ಗಂಟೆ ನಿಂತೇ ನುಡಿಸುವೆನೆಂದು ಮಾರುವವರಿಗೆ ತಿಳಿಸಿದ್ದೇನೆ, ಅವರು ಒಪ್ಪಿದ್ದಾರೆ. ಬೇರೆ ಏನನ್ನು ನೋಡಬೇಕು?

ಉತ್ತರ 1: ನಾಲ್ಕು ತಂತಿ

ಟಾರ್ಚ್ ಒಯ್ಯಿರಿ. ಗಿಬ್ಸನ್ ಬಗೆಯ ವಾದ್ಯಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ. ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಇರುವಲ್ಲಿಯೇ ಟ್ರಸ್ ರಾಡಿಗಾಗಿ ಮರವನ್ನು ಕೊರೆದಿರುವುದರಿಂದ ಆ ಭಾಗ ದುರ್ಬಲ. ಸ್ಟ್ಯಾಂಡಿನಿಂದ ಒಮ್ಮೆ ಹಿಂದಕ್ಕೆ ಬಿದ್ದರೂ ಅಲ್ಲಿಯೇ ಬಿರುಕು ಬಿಡುತ್ತದೆ. ನಟ್‌ನ ಹಿಂಬದಿಗೆ ಬೆಳಕನ್ನು ಓರೆಯಾಗಿ ಹಾಯಿಸಿದರೆ ಬಣ್ಣದ ಕೆಳಗಿನ ಕೂದಲೆಳೆಯಂಥ ಗೆರೆ ಕಾಣುತ್ತದೆ, ಅಲ್ಲಿ ಉಗುರನ್ನು ಆಡಿಸಿ ನೋಡಿ. ಚೆನ್ನಾಗಿ ಅಂಟಿಸಿದ ಬಿರುಕು ಬಹುಕಾಲ ಬಾಳುತ್ತದೆಯಾದರೂ ಬೆಲೆಯಲ್ಲಿ ಅದು ಇಳಿಯಲೇಬೇಕು. ಗಿಬ್ಸನ್‌ನದೇ ಇನ್ನೊಂದು ಬ್ರ್ಯಾಂಡ್ ಆದ ಎಪಿಫೋನ್‌ನ ಅಗ್ಗದ ಮಾದರಿಯಾದರೆ ನೆಕ್ ಬೋಲ್ಟುಗಳಿಂದ ಕೂಡಿಸಿದ್ದಿರುತ್ತದೆ, ಅದು ಬಿಗಿಯಾಗಿದೆಯೇ ಎಂದೂ ನೋಡಿ. ಶನಿವಾರ ರಾತ್ರಿ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.