ತಮ್ಮ ಕುಡಿಯೋದು ಬಿಟ್ಟ. ಬಿಡಿಸಿದ್ದು ಯಾರು?

ಫಿಸಿಕ್ಸ್ ಮೇಡಂ, ತುಮಕೂರು

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ದೇವರಲ್ಲಿ ನಂಬಿಕೆ ಇಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಕತೆಯನ್ನು ಅಪ್ಪ ಊಟಕ್ಕೆ ಕೂತಾಗ ಹೇಳುತ್ತಿದ್ದರು. ನನಗೆ ಎಲ್ಲ ಶುರುವಾಗಿದ್ದು ಅಲ್ಲಿಂದ.

ನನ್ನ ತಮ್ಮ ಲೇತ್ ಕೆಲಸ ಮಾಡುತ್ತಾನೆ. ಹನ್ನೊಂದು ವರ್ಷ ಕುಡಿದ. ಹೋದ ವರ್ಷ ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿದ. 41 ದಿನ ತಣ್ಣೀರು ಸ್ನಾನ, ಬರಿಗಾಲು, ಕಪ್ಪು ಪಂಚೆ. ಇರುಮುಡಿ ಹೊತ್ತು ಶಬರಿಮಲೆಗೆ ಹೋಗಿ ಬಂದ. ಮಾಲೆ ತೆಗೆದ ದಿನವೇ ಮತ್ತೆ ಬಾರಿಗೆ ಹೋದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಅದಕ್ಕೇ ಆ ಸಂಜೆ ಬಾಗಿಲಲ್ಲೇ ಕೂತಿದ್ದೆ. ಏಳು ಗಂಟೆಗೆ ಬಂದ. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಮಲಗಿದ. ಇವತ್ತಿಗೆ ಎಂಟು ತಿಂಗಳು.

ಮೊನ್ನೆ "ನೀನೇ ಬಿಟ್ಟೆ ಕಣೋ, ಎಷ್ಟು ಗಟ್ಟಿ ಮನಸ್ಸು ಮಾಡಿದೆ" ಅಂದೆ. "ಇಲ್ಲಕ್ಕ, ನನ್ನ ಕೈಲಾಗಿದ್ದರೆ ಯಾವಾಗಲೋ ಬಿಡ್ತಿದ್ದೆ. ಸ್ವಾಮಿ ಬಿಡಿಸಿದ್ದು" ಅಂದ.

ಮಾರನೇ ದಿನ ಲ್ಯಾಬಿನಲ್ಲಿ ಲೋಲಕದ ಪ್ರಯೋಗ. ಒಂದು ಮೀಟರ್ ಉದ್ದಕ್ಕೆ 20 ಆಂದೋಲನ, ಸುಮಾರು 40 ಸೆಕೆಂಡ್. ಯಾವ ಹುಡುಗ ಬಿಟ್ಟರೂ ಅಷ್ಟೇ. ಮಿದುಳೂ ಇದೇ ನಿಯಮಕ್ಕೆ ಒಳಪಟ್ಟದ್ದು ಅಲ್ವಾ? "ಸ್ವಾಮಿ ಬಿಡಿಸಿದ" ಅನ್ನೋದು ತಪ್ಪಾದರೆ "ನೀನೇ ಬಿಟ್ಟೆ" ಅನ್ನೋದು ಹೇಗೆ ಸರಿ? ತಮ್ಮನಿಗೆ ಸುಳ್ಳು ಹೇಳಿದೆನಾ? ಎರಡು ದಿನದಿಂದ ನಿದ್ದೆ ಇಲ್ಲ.

ಉಡುಪಿಯವ

ಮೇಡಂ, ನಾನು ಆಸ್ತಿಕ. ಈ ತೊಡಕು ನಮಗೂ ಇದೆ. ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲುಗಾಡದು ಅಂತ ಅಜ್ಜ ಹೇಳುತ್ತಿದ್ದರು. "ಹಾಗಾದರೆ ನಾನು ಬೆಲ್ಲ ಕದ್ದರೆ?" ಅಂತ ಕೇಳಿ ಬೈಸಿಕೊಂಡಿದ್ದೇನೆ. ಮಧ್ವಾಚಾರ್ಯರ ಮತದಲ್ಲಿ ಹರಿ ಒಬ್ಬನೇ ಸ್ವತಂತ್ರ, ಜೀವ ಪರತಂತ್ರ. ಆದರೂ ಮಾಡು, ಮಾಡಬೇಡ ಅನ್ನೋದೆಲ್ಲ ಜೀವನಿಗೇ. ಗೀತೆಯ 18ನೇ ಅಧ್ಯಾಯದ 61ನೇ ಶ್ಲೋಕದಲ್ಲಿ ಈಶ್ವರ ಎಲ್ಲರನ್ನೂ ಯಂತ್ರಕ್ಕೆ ಏರಿಸಿದ ಹಾಗೆ ತಿರುಗಿಸುತ್ತಾನೆ. 63ರಲ್ಲಿ "ಯಥೇಚ್ಛಸಿ ತಥಾ ಕುರು", ನಿನಗೆ ಬೇಕಾದ ಹಾಗೆ ಮಾಡು. ಎರಡನ್ನೂ ಹೇಳಿದವನು ಒಬ್ಬನೇ, ಕೃಷ್ಣ. ದೇವರನ್ನು ತೆಗೆದು ಅಲ್ಲಿ ಪ್ರಕೃತಿ ನಿಯಮ ಇಟ್ಟರೂ ಪ್ರಶ್ನೆ ಅಲ್ಲೇ ಕೂತಿರುತ್ತದೆ.

ನರವಿಜ್ಞಾನ ಓದುವವಳು

1983ರ ಬೆಂಜಮಿನ್ ಲಿಬೆಟ್ ಪ್ರಯೋಗ ಇಲ್ಲಿ ಬಂದೇ ಬರುತ್ತದೆ. ಕೈ ಆಡಿಸುವ ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಂಕೇತ ಏಳುತ್ತದೆ. "ಈಗ ಆಡಿಸಬೇಕು" ಅನ್ನೋ ಅರಿವು ಸುಮಾರು 0.2 ಸೆಕೆಂಡ್ ಮೊದಲು ಮಾತ್ರ. ಹಾಗಾಗಿ ಸ್ವಂತ ಇಚ್ಛೆ ಬರೀ ಭ್ರಮೆ ಅಂದವರಿದ್ದಾರೆ. ಆ ಸಂಕೇತ ತೀರ್ಮಾನವೇ ಆಗಬೇಕಿಲ್ಲ, ತಾನಾಗಿ ಏರಿಳಿಯುವ ಮಿದುಳಿನ ಚಟುವಟಿಕೆ ಒಂದು ಮಟ್ಟ ದಾಟಿದಾಗಲೂ ಹೀಗೇ ಕಾಣುತ್ತದೆ ಅಂತ 2012ರಲ್ಲಿ ಆರನ್ ಶುರ್ಗರ್ ತಂಡ ತೋರಿಸಿತು. ಕಾರಣವೇ ಇಲ್ಲದೆ ಕೈ ಆಡಿಸೋದು ಬೇರೆ. 41 ದಿನದ ವ್ರತ ಬೇರೆ.

ಕುಡಿತ ಬಿಟ್ಟು ಆರು ವರ್ಷ

ನಾನು ಎರಡು ಸಲ ಮಾಲೆ ತೆಗೆದ ದಿನವೇ ಕುಡಿದವನು. ದೇವರಿದ್ದಾನೋ ಇಲ್ಲವೋ ನನಗೆ ತಿಳಿಯದು. ಮೂರನೇ ಸಲ ಒಂದು ಕೆಲಸ ಮಾಡಿದೆ. ಸಂಬಳದ ದಿನ ಸಂಜೆ ಆರಕ್ಕೆ ಸೋಲುತ್ತೇನೆ ಅಂತ ಬೆಳಿಗ್ಗೆ ಹತ್ತಕ್ಕೇ ಗೊತ್ತಿತ್ತು. ಹತ್ತಕ್ಕೇ ಹೆಂಡತಿಗೆ ಫೋನ್ ಮಾಡಿ ಫ್ಯಾಕ್ಟರಿ ಗೇಟಿಗೆ ಬಾ ಅಂದೆ. ಆರಕ್ಕೆ ಆಸೆ ಆಗಲಿಲ್ಲ ಅಂತಲ್ಲ, ಆಯ್ತು. ಆದರೆ ಅವಳು ಪಕ್ಕದಲ್ಲಿದ್ದಳು. ನಿಮ್ಮ ತಮ್ಮ ಸಂಜೆ ಯಾವ ದಾರಿಯಲ್ಲಿ ಮನೆಗೆ ಬರ್ತಾರೆ, ಕೇಳಿ ನೋಡಿ.

ಫಿಸಿಕ್ಸ್ ಮೇಡಂ, ತುಮಕೂರು

ಕೇಳಿದೆ. ಮಾಲೆ ತೆಗೆದ ದಿನದಿಂದ ಅವನು ಎರಡು ಕಿಲೋಮೀಟರ್ ಸುತ್ತು ಹಾಕಿ ಬರುತ್ತಿದ್ದಾನೆ. ಮೂರು ಬಾರ್ ತಪ್ಪುತ್ತವಂತೆ. ಯಾರಿಗೂ ಹೇಳಿಲ್ಲ. "ಯಾರು ಹೇಳಿಕೊಟ್ಟರೋ?" ಅಂದೆ. "ಯಾರೂ ಇಲ್ಲಕ್ಕ, ನಾನೇ" ಅಂದ.

ಲ್ಯಾಬಿನಲ್ಲಿ ದಾರ ಉದ್ದ ಮಾಡಿದರೆ ಲೋಲಕ ನಿಧಾನವಾಗುತ್ತದೆ. ನಿಯಮ ಮುರಿಯಲ್ಲ. ಆದರೆ ಲೋಲಕ ತನ್ನ ದಾರ ತಾನೇ ಉದ್ದ ಮಾಡಿಕೊಳ್ಳಲ್ಲ. ತಮ್ಮ ಮಾಡಿಕೊಂಡ. ಹಾಗೆ ಮಾಡಲು ಅವನಿಗೂ ಕಾರಣಗಳಿದ್ದವು, ಒಪ್ಪುತ್ತೇನೆ. ಆ ಕಾರಣಗಳಲ್ಲಿ ಅವನೂ ಒಬ್ಬ. "ನೀನೇ ಬಿಟ್ಟೆ" ಅಂದದ್ದನ್ನು ನಾನು ವಾಪಸ್ ತಗೊಳ್ಳಲ್ಲ.

ಬರುವ ಕಾರ್ತಿಕಕ್ಕೂ ಮಾಲೆ ಹಾಕುತ್ತಾನಂತೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸ್ನಾನಕ್ಕೆ ನೀರು ಸೇದಿ ಕೊಡ್ತೀನಿ ಅಂತ ಹೇಳಿದ್ದೇನೆ.